ಸಂಘ ಯಾರ ಕೈಯಲ್ಲಿದೆ? ಅಚ್ಚುಕೂಟದ ಕಾರ್ಮಿಕರಿಂದ ಒಂದು ಪಾಠ



ಕಾರ್ಮಿಕ ಸಂಘವಾಗಲಿ, ಹಾಲು ಉತ್ಪಾದಕರ ಸಹಕಾರ ಸಂಘವಾಗಲಿ, ಸದಸ್ಯರೇ ಒಡೆಯರು. ಆದರೂ ಕಾಲಕ್ರಮೇಣ ತೀರ್ಮಾನಗಳೆಲ್ಲ ನಾಲ್ಕೈದು ಜನರ ಕೈ ಸೇರುವುದುಂಟು. ಇದೇಕೆ?

ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಶೆಲ್ಸ್ 1911ರಲ್ಲಿ ಇದಕ್ಕೆ ಕಾರಣ ಹೇಳಿದರು. ಸಂಘ ಬೆಳೆದಂತೆ ಲೆಕ್ಕಪತ್ರ, ಕಾನೂನು ಬಲ್ಲವರು ಬೇಕಾಗುತ್ತಾರೆ. ತಿಳಿವಳಿಕೆ ಅವರಲ್ಲೇ ಉಳಿಯುತ್ತದೆ. ಸದಸ್ಯರು ಸಭೆಗೆ ಬರುವುದನ್ನು ಬಿಡುತ್ತಾರೆ. ನಾಯಕರಿಗೂ ಹಳೆಯ ಕೆಲಸಕ್ಕೆ ಮರಳುವ ಮನಸ್ಸಿರುವುದಿಲ್ಲ.

ಹಾಗಾದರೆ ಇದು ತಪ್ಪದ ಹಣೆಬರಹವೇ? ಅಲ್ಲ. ಅಮೆರಿಕದಲ್ಲಿ 1852ರಲ್ಲಿ ಹುಟ್ಟಿ, 1986ರಲ್ಲಿ ಬೇರೊಂದು ಸಂಘದೊಡನೆ ವಿಲೀನವಾದ ಇಂಟರ್‌ನ್ಯಾಷನಲ್ ಟೈಪೊಗ್ರಾಫಿಕಲ್ ಯೂನಿಯನ್ ಎಂಬ ಅಚ್ಚುಕೂಟದ ಕಾರ್ಮಿಕರ ಸಂಘ ಬೇರೆಯೇ ದಾರಿ ಹಿಡಿದಿತ್ತು. ಲಿಪ್‌ಸೆಟ್, ಟ್ರೋ ಮತ್ತು ಕೋಲ್ಮನ್ ಎಂಬ ವಿದ್ವಾಂಸರು ಅದನ್ನು ಅಭ್ಯಸಿಸಿ 1956ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು:

1. ಸಂಘದೊಳಗೇ ಎರಡು ಪಕ್ಷಗಳಿದ್ದವು. ಅಧಿಕಾರದಲ್ಲಿದ್ದವರು ಚುನಾವಣೆಯಲ್ಲಿ ಸೋಲುತ್ತಿದ್ದರು. ಸೋತವರನ್ನು ಯಾರೂ ಸಂಘದ್ರೋಹಿ ಎನ್ನುತ್ತಿರಲಿಲ್ಲ.

2. ಮುಖ್ಯ ವಿಷಯಗಳು ಎಲ್ಲ ಸದಸ್ಯರ ಮತಕ್ಕೆ ಹೋಗುತ್ತಿದ್ದವು. ಪದಾಧಿಕಾರಿಗಳ ಸಂಬಳ ಏರಿಕೆಯನ್ನೂ ಸದಸ್ಯರು ತಿರಸ್ಕರಿಸಿದ್ದುಂಟು.

3. ಪದಾಧಿಕಾರಿಗೂ ಕೆಲಸಗಾರನಿಗೂ ಆದಾಯದಲ್ಲಿ ಭಾರಿ ಅಂತರವಿರಲಿಲ್ಲ. ಸೋತವರು ಮತ್ತೆ ಅಚ್ಚುಮೊಳೆ ಜೋಡಿಸಲು ಹೋಗುತ್ತಿದ್ದರು.

4. ರಾತ್ರಿಪಾಳಿಯ ಕೆಲಸಗಾರರು ಬಿಡುವಿನಲ್ಲಿಯೂ ಒಟ್ಟಿಗೆ ಸೇರುತ್ತಿದ್ದರು. ಸಂಘದ ವಿಚಾರ ಅಲ್ಲಿ ಸಹಜವಾಗಿ ಚರ್ಚೆಯಾಗುತ್ತಿತ್ತು.

ಈ ನಾಲ್ಕನೆಯ ಅನುಕೂಲ ನಮಗೆ ಅವರಿಗಿಂತ ಹೆಚ್ಚಾಗಿಯೇ ಇದೆ. ಬೆಳಿಗ್ಗೆ, ಸಂಜೆ ಡೇರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತೇವೆ. ಕೊಬ್ಬಿನಾಂಶದ ಜೊತೆಗೆ ಸಂಘದ ಲಾಭ ಎಷ್ಟು, ಬೋನಸ್ ಹೇಗೆ ನಿಗದಿಯಾಯಿತು ಎಂಬುದನ್ನೂ ಮಾತಾಡಿಕೊಳ್ಳಬಹುದಲ್ಲವೇ?

"ಅವಿರೋಧ ಆಯ್ಕೆ" ಎಂದು ಹೆಮ್ಮೆಪಡುವ ಮೊದಲು ಯೋಚಿಸಿ: ಅದು ಒಮ್ಮತವೋ, ನಮ್ಮ ನಿರಾಸಕ್ತಿಯೋ? ಹಾಗೆಯೇ, ಮನೆಯಲ್ಲಿ ಹಸು ಕರೆಯುವ ತಾಯಂದಿರ ಹೆಸರಿನಲ್ಲಿ ಷೇರು ಇಲ್ಲದಿದ್ದರೆ ಅವರಿಗೆ ಮತವೂ ಇಲ್ಲ.

ಸುಪ್ತ ಕೆಚ್ಚಲುಬಾವು ಹೊರಗೆ ಕಾಣುವುದಿಲ್ಲ. ಹಾಲು ಪರೀಕ್ಷಿಸಿದರೇ ಗೊತ್ತಾಗುವುದು. ಸಂಘದ ಕಾಯಿಲೆಯೂ ಹಾಗೆಯೇ. ಆದುದರಿಂದ:

* ಸರ್ವಸದಸ್ಯರ ಸಭೆಯ ತಿಳುವಳಿಕೆ ಪತ್ರ ಬಂದಾಗ ವಿಷಯಪಟ್ಟಿಯನ್ನು ಓದಿ, ಓದಿಸಿ.
* ಲೆಕ್ಕಪರಿಶೋಧನಾ ವರದಿಯನ್ನು ಸಭೆಯಲ್ಲಿ ವಿವರಿಸುವಂತೆ ಕೇಳಿ.
* ಹಿಂದಿನ ಸಭೆಯ ನಡಾವಳಿಯನ್ನು ಓದಿಸಿದ ನಂತರವೇ ಒಪ್ಪಿಗೆ ಕೊಡಿ.
* ಪ್ರಶ್ನೆ ಕೇಳಿದವರನ್ನು ವಿರೋಧಿ ಎಂದು ಎಣಿಸಬೇಡಿ.

ಸಭೆಗೆ ಬಾರದ ಸದಸ್ಯರ ಪರವಾಗಿ ಬೇರೆಯವರು ತೀರ್ಮಾನಿಸುತ್ತಾರೆ. ಹಾಲು ನಿಮ್ಮದು, ಅದರ ಹಣದ ತೀರ್ಮಾನವೂ ನಿಮ್ಮದಾಗಿರಲಿ.

– ಪಶುವೈದ್ಯ ವಿಸ್ತರಣಾಧಿಕಾರಿ