ಅಂಗವಿಕಲ ಮಕ್ಕಳಿಗೆ ಆರೋಗ್ಯ ವಿಮೆ: ಕಾಯಿಲೆಗೆ ಮುಂಚೆ ಕಾಗದಪತ್ರ



ಬಿತ್ತನೆಗೆ ಮುಂಚೆ ಬೀಜ, ಗೊಬ್ಬರ ಹೊಂದಿಸಿಕೊಳ್ಳುವವರು ನಾವು. ಆದರೆ ಮನೆಯಲ್ಲಿ ಅಂಗವಿಕಲ ಮಗನೋ ಮಗಳೋ ಇದ್ದರೆ, ಕಾಯಿಲೆ ಬಂದ ಮೇಲೆ ಕಾಗದಪತ್ರ ಹುಡುಕುತ್ತೇವೆ. ಆಗ ಎತ್ತು ಮಾರುವ, ಸಾಲ ಮಾಡುವ ಗತಿ ಬರುತ್ತದೆ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ಕುಟುಂಬಗಳಿಗೆ ಉಪಯೋಗವಾಗುವ ಎರಡು ಸರ್ಕಾರಿ ಯೋಜನೆಗಳನ್ನು ಈ ಸಲ ತಿಳಿಯೋಣ.

ಮೊದಲನೆಯದು ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ. ಹಿಂದೆ ಇದು ಬಡವರ ರೇಶನ್ ಕಾರ್ಡಿಗೆ ಮತ್ತು ಲಾತೂರು, ಧಾರಾಶಿವದಂಥ ಸಂಕಷ್ಟದ ಜಿಲ್ಲೆಗಳ ಬಿಳಿ ಕಾರ್ಡಿನ ರೈತರಿಗೆ ಮಾತ್ರ ಇತ್ತು. 2024ರ ಜುಲೈಯಿಂದ ರಾಜ್ಯದ ಎಲ್ಲ ರೇಶನ್ ಕಾರ್ಡಿನವರಿಗೂ ಇದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಮಗುವಿನ ಹೆಸರು ರೇಶನ್ ಕಾರ್ಡಿನಲ್ಲಿ ಇದೆಯೇ ಎಂದು ಇಂದೇ ನೋಡಿಕೊಳ್ಳಿ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ 'ಆರೋಗ್ಯಮಿತ್ರ' ಎಂಬ ಸಹಾಯಕರು ಇರುತ್ತಾರೆ, ಅವರನ್ನು ಕೇಳಿ. ಗಡಿ ದಾಟಿ ಬೀದರಿಗೋ ಕಲಬುರಗಿಗೋ ಹೋಗುವುದಾದರೆ, ಅಲ್ಲಿ ನಿಮ್ಮ ಕಾರ್ಡು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಆದರೆ ಅಂಗವಿಕಲ ಮಗುವಿಗೆ ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆ ಇಲ್ಲದಾಗಲೂ ಖರ್ಚು ಇರುತ್ತದೆ. ವೈದ್ಯರ ಭೇಟಿ, ಔಷಧಿ, ಫಿಜಿಯೋಥೆರಪಿ, ಓಡಾಟ ತಪ್ಪುವುದಿಲ್ಲ. ಇದಕ್ಕೆ ನೆರವಾಗುವುದು 'ನಿರಾಮಯ'. ಕೇಂದ್ರದ ನ್ಯಾಷನಲ್ ಟ್ರಸ್ಟ್ ಇದನ್ನು 2008ರಲ್ಲಿ ಆರಂಭಿಸಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಇರುವವರಿಗೆ ಮಾತ್ರ ಇದು ಸಿಗುತ್ತದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವು. ಒಂದೊಂದು ಖರ್ಚಿಗೂ ಬೇರೆ ಬೇರೆ ಮಿತಿ ಉಂಟು. ವಯಸ್ಸಿನ ಮಿತಿ ಇಲ್ಲ, ವಿಮೆಗೆ ಮುಂಚಿನ ವೈದ್ಯಕೀಯ ತಪಾಸಣೆಯೂ ಇಲ್ಲ. ಹೊಸದಾಗಿ ಸೇರಲು ಬಡತನ ರೇಖೆಯ ಕೆಳಗಿನವರಿಗೆ 250 ರೂಪಾಯಿ, ಉಳಿದವರಿಗೆ 500 ರೂಪಾಯಿ. ಮೊದಲು ನಾವು ಹಣ ಕೊಟ್ಟು, ಬಿಲ್ಲು ಕಳಿಸಿ ವಾಪಸು ಪಡೆಯಬೇಕು. ಆದ್ದರಿಂದ ಒಂದು ಚೀಟಿಯನ್ನೂ ಕಳೆಯಬೇಡಿ. ವಿಮೆಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಿಂಗಾರಿ ಜೋಳದ ರಾಶಿಯ ಹೊತ್ತಿಗೆ ನವೀಕರಣ ಮಾಡಿಸುವುದನ್ನು ರೂಢಿ ಮಾಡಿಕೊಳ್ಳಿ.

ನಿರಾಮಯಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಬೇಕೇ ಬೇಕು. ಅದನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬೇಕು. "ನಾಲ್ಕು ಜನಕ್ಕೆ ಗೊತ್ತಾದೀತು" ಎಂದು ಮಗುವನ್ನು ಮನೆಯೊಳಗೆ ಇಟ್ಟುಕೊಂಡರೆ ನಷ್ಟ ಮಗುವಿಗೇ.

ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮನೆಯ ಮಾಳಿಗೆ ತೆಗೆದು ಯೇಸುಸ್ವಾಮಿಯ ಮುಂದೆ ಇಳಿಸಿದ್ದನ್ನು ಶುಭಸಂದೇಶದಲ್ಲಿ ಕೇಳಿದ್ದೇವೆ. ಅಕ್ಷರ ಬಲ್ಲ ನಮ್ಮ ಯುವಕ ಯುವತಿಯರು ನೆರೆಮನೆಯ ಒಂದು ಅರ್ಜಿ ತುಂಬಿಕೊಟ್ಟರೆ, ಆ ನಾಲ್ವರ ಕೆಲಸವನ್ನೇ ಮಾಡಿದಂತೆ.