ಮೊಬೈಲ್ ನೋಡಿ ವ್ಯಾಯಾಮ: ಯಾವ ವಿಡಿಯೋ ಯಾರಿಗೆ?

ಕಳೆದ ಬೇಸಿಗೆಯಲ್ಲಿ 24 ವರ್ಷದ ಯುವಕನೊಬ್ಬನನ್ನು ಅವನ ಅಣ್ಣ ತಾಳಿಕೋಟೆಯ ನನ್ನ ದವಾಖಾನೆಗೆ ಕರೆತಂದರು. ನಿಕಾಹ್‌ಗೆ ಎರಡು ತಿಂಗಳಿತ್ತು. ಅಷ್ಟರಲ್ಲಿ ಹೊಟ್ಟೆ ಕರಗಿಸಬೇಕೆಂದು ಮೊಬೈಲಿನಲ್ಲಿ 60 ದಿನಗಳ ಒಂದು ಕಠಿಣ ವ್ಯಾಯಾಮ ಕಾರ್ಯಕ್ರಮ ಶುರು ಮಾಡಿದ್ದ. ಮೂರನೇ ದಿನಕ್ಕೆ ತೊಡೆಗಳು ಬಾತು, ಕೂತರೆ ಏಳಲಾಗುತ್ತಿರಲಿಲ್ಲ. "ಮೈಕೈ ನೋವಿಗೆ ಏನಾದರೂ ಎಣ್ಣೆ ಕೊಡಿ ಡಾಕ್ಟರ್ ಸಾಬ್" ಎಂದ. ಮೂತ್ರದ ಬಣ್ಣ ಕೇಳಿದೆ. "ಹಾಲು ಹಾಕದ ಚಹಾದ ಹಾಗೆ" ಎಂದ. ನಾನು ಎಣ್ಣೆ ಕೊಡಲಿಲ್ಲ, ತಕ್ಷಣ ವಿಜಯಪುರದ ಆಸ್ಪತ್ರೆಗೆ ಕಳಿಸಿದೆ. ಅತಿಯಾದ ಶ್ರಮದಿಂದ ಸ್ನಾಯುಗಳು ಒಡೆದು, ಅವುಗಳೊಳಗಿನ ದ್ರವ್ಯ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊರೆಯಾಗಿತ್ತು. ಕೆಲವು ದಿನ ಡ್ರಿಪ್ ಕೊಟ್ಟ ನಂತರ ಅಲ್ಲಾಹನ ಕೃಪೆಯಿಂದ ಚೇತರಿಸಿಕೊಂಡ.

ಅದೇ ವಾರ ಮೂರು ಮಕ್ಕಳ ತಾಯಿಯೊಬ್ಬರು ಬಂದರು. ಕೊನೆಯ ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ಬಾಗಿಲು ಹಾಕಿಕೊಂಡು ವಿಡಿಯೋ ನೋಡಿ ಜಿಗಿಯುವ ವ್ಯಾಯಾಮ ಮಾಡುವಾಗ ಮೂತ್ರ ಸೋರುತ್ತಿತ್ತು. ಹೇಳಿಕೊಳ್ಳಲು ನಾಚಿ ವ್ಯಾಯಾಮವನ್ನೇ ಬಿಟ್ಟಿದ್ದರು.

ವ್ಯಾಯಾಮ ಮಾಡಲು ಹೊರಟಿದ್ದರಲ್ಲಿ ಇಬ್ಬರದೂ ತಪ್ಪಿರಲಿಲ್ಲ. ತಪ್ಪಾಗಿದ್ದು ಆಯ್ಕೆಯಲ್ಲಿ. ಹೀಗಾಗಿ ಈ ತಿಂಗಳು ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಮನೆಯೊಳಗಿನ ವ್ಯಾಯಾಮ ಏಕೆ ಬೇಕು?

ನಮ್ಮ ಊರುಗಳಲ್ಲಿ ಹಿಂದೆ ತಾಲೀಮು ಇತ್ತು. ಹುಡುಗರು ಕೆಮ್ಮಣ್ಣಿನ ಮೇಲೆ ಸಪಾಟು, ಬೈಠಕ್ ಹೊಡೆಯುತ್ತಿದ್ದರು. ಜಾತ್ರೆ, ಉರುಸುಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಿದ್ದರು. ಪಕ್ಕದಲ್ಲಿ ಉಸ್ತಾದ್ ಇರುತ್ತಿದ್ದರು. ಹುಡುಗನ ಮುಖ ನೋಡಿಯೇ 'ಇವತ್ತಿಗೆ ಸಾಕು' ಎನ್ನುತ್ತಿದ್ದರು. ಹೆಂಗಸರಿಗೆ ತಾಲೀಮು ಇರಲಿಲ್ಲ. ಆದರೆ ಬೀಸುವ ಕಲ್ಲು, ನೀರು ಸೇದುವ ಕೆಲಸ, ಹೊಲದ ದಾರಿ ಇದ್ದವು. ಈಗ ಹಿಟ್ಟಿನ ಗಿರಣಿ, ನಳದ ನೀರು, ಬೈಕು ಬಂದಿವೆ. ಸಣ್ಣ ಊರಿನಲ್ಲಿ ಹೆಂಗಸರಿಗೆಂದು ಪ್ರತ್ಯೇಕ ಜಿಮ್ ಸಿಗುವುದು ಕಷ್ಟ. ಮನೆಯಲ್ಲಿ ಮೊಬೈಲ್ ನೋಡಿ ಮಾಡುವ ವ್ಯಾಯಾಮ ಅವರಿಗೆ ನಿಜಕ್ಕೂ ಅನುಕೂಲ. ಪರ್ದಾ ಉಳಿಯುತ್ತದೆ, ಖರ್ಚಿಲ್ಲ, ಮಗು ಮಲಗಿದಾಗ ಮಾಡಬಹುದು.

ಒಂದೇ ಕೊರತೆಯೆಂದರೆ ಮೊಬೈಲಿನೊಳಗಿನ ಉಸ್ತಾದ್‌ಗೆ ನಿಮ್ಮ ಮುಖ ಕಾಣುವುದಿಲ್ಲ. 'ಇನ್ನೂ ಸ್ವಲ್ಪ, ನಿಲ್ಲಬೇಡಿ' ಎಂದಷ್ಟೇ ಅವನು ಕೂಗುತ್ತಾನೆ. 'ಸಾಕು' ಎನ್ನುವ ಕೆಲಸ ನಿಮಗೇ ಉಳಿಯುತ್ತದೆ.

ಈ ವಿಡಿಯೋಗಳು ಎಲ್ಲಿಂದ ಬಂದವು?

1982ರಲ್ಲಿ ಅಮೆರಿಕದ ನಟಿ ಜೇನ್ ಫೋಂಡಾ ಅವರ ವ್ಯಾಯಾಮದ ಕ್ಯಾಸೆಟ್ ಮನೆಮಾತಾಯಿತು. ನಂತರ ಅಲ್ಲಿನ ಬೀಚ್‌ಬಾಡಿ ಕಂಪೆನಿ ಕಠಿಣ ಕಾರ್ಯಕ್ರಮಗಳನ್ನು ಮಾರಿತು. ಇಂದು ಕನ್ನಡ, ಹಿಂದಿಯಲ್ಲಿ ಕಾಣುವ ಎಷ್ಟೋ 'ಚಾಲೆಂಜ್'ಗಳು ಇಂಥ ಮಾದರಿಗಳನ್ನೇ ಹೋಲುತ್ತವೆ. ಮೂಲವನ್ನು ತಿಳಿದರೆ ನಕಲನ್ನು ಅಳೆಯುವುದು ಸುಲಭ.

ಪಿ-90-ಎಕ್ಸ್: 2005ರದ್ದು. 90 ದಿನ, ವಾರಕ್ಕೆ 6 ದಿನ, ದಿನಕ್ಕೆ ಸುಮಾರು 1 ಗಂಟೆ. ಡಂಬೆಲ್ ಅಥವಾ ರಬ್ಬರ್ ಪಟ್ಟಿ, ಜೋತು ಮೇಲೇಳಲು ಸರಳು ಬೇಕು. ಸ್ನಾಯು ಬೆಳೆಸುವುದು ಮುಖ್ಯ ಗುರಿ.

ಇನ್ಸ್ಯಾನಿಟಿ: 2009ರದ್ದು. 60 ದಿನ, ವಾರಕ್ಕೆ 6 ದಿನ. ಸಾಮಾನು ಬೇಡ, ಹೀಗಾಗಿಯೇ ಜನಪ್ರಿಯ. ಸಾಮಾನ್ಯವಾಗಿ ಸ್ವಲ್ಪ ಹೊತ್ತು ಜೋರು, ಹೆಚ್ಚು ಹೊತ್ತು ವಿರಾಮ ಎಂಬುದು ಪದ್ಧತಿ. ಇಲ್ಲಿ ಅದು ತಿರುಗುಮುರುಗು: ಜೋರು ಹೆಚ್ಚು, ವಿರಾಮ ಕಡಿಮೆ. ಜಿಗಿತ ಬಹಳ.

ಫೋಕಸ್ ಟಿ-25: 2013ರದ್ದು. ದಿನಕ್ಕೆ 25 ನಿಮಿಷ, ವಾರಕ್ಕೆ 5 ದಿನ. ತಂಡದಲ್ಲಿ ಒಬ್ಬರು ಜಿಗಿಯದೆ ಅದೇ ವ್ಯಾಯಾಮವನ್ನು ಸುಲಭ ರೂಪದಲ್ಲಿ ಮಾಡಿ ತೋರಿಸುತ್ತಾರೆ.

7 ನಿಮಿಷದ ವ್ಯಾಯಾಮ: ಇದೂ 2013ರದ್ದು. 12 ವ್ಯಾಯಾಮ, ಒಂದೊಂದಕ್ಕೆ 30 ಸೆಕೆಂಡು, ನಡುವೆ 10 ಸೆಕೆಂಡು ವಿರಾಮ. ಕುರ್ಚಿ ಮತ್ತು ಗೋಡೆ ಇದ್ದರೆ ಸಾಕು.

ತಬಾಟ: ಜಪಾನಿನ ವಿಜ್ಞಾನಿ ಇಜುಮಿ ತಬಾಟ 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. 20 ಸೆಕೆಂಡು ಪೂರ್ಣ ಶಕ್ತಿ, 10 ಸೆಕೆಂಡು ವಿರಾಮ, ಒಟ್ಟು ಸುಮಾರು 4 ನಿಮಿಷ. '4 ನಿಮಿಷ ಸಾಕು' ಎಂದು ವಿಡಿಯೋಗಳು ಹೇಳುತ್ತವೆ. ಆ ಅಧ್ಯಯನದಲ್ಲಿದ್ದವರು ಮೊದಲೇ ಪಳಗಿದ ಯುವ ಕ್ರೀಡಾ ವಿದ್ಯಾರ್ಥಿಗಳು, ಅವರು ಮಾಡಿದ್ದು ಒಂದೆಡೆ ನಿಂತ ಸೈಕಲ್ಲಿನ ಮೇಲೆ ಎಂಬುದನ್ನು ಹೇಳುವುದಿಲ್ಲ.

ನಡಿಗೆ ವಿಡಿಯೋ: ಅಮೆರಿಕದ ಲೆಸ್ಲಿ ಸಾನ್‌ಸೋನ್ ಹೆಸರು ಮಾಡಿದ್ದು ಇದರಲ್ಲಿ. ನಿಂತಲ್ಲೇ ಹೆಜ್ಜೆ, ಪಕ್ಕದ ಹೆಜ್ಜೆ, ಮೊಣಕಾಲು ಎತ್ತುವುದು. ಜಿಗಿತ ಇಲ್ಲ. ಒಂದು ಚಾಪೆಯಷ್ಟು ಜಾಗ ಸಾಕು.

ಮೊದಲು ಲೆಕ್ಕ ಹಾಕಿ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಜೋರು ಶ್ರಮ ಬೇಕು. ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ.

ಈಗ ನೋಡಿ. ದಿನಕ್ಕೆ 40 ನಿಮಿಷದಂತೆ 6 ದಿನದ ಜಿಗಿತದ ಕಾರ್ಯಕ್ರಮ ಎಂದರೆ ವಾರಕ್ಕೆ 240 ನಿಮಿಷ ಜೋರು ಶ್ರಮ. ನಿನ್ನೆಯವರೆಗೆ ಅಂಗಡಿಯ ಗಲ್ಲೆಯ ಮೇಲೆ ಕೂತವನಿಗೆ ಇದು ಸೊನ್ನೆಯಿಂದ 240ಕ್ಕೆ ಹಾರಿದಂತೆ. 25 ನಿಮಿಷದಂತೆ 5 ದಿನವಾದರೆ 125 ನಿಮಿಷ, ಇದು ಸಲಹೆಯ ಒಳಗೇ ಬರುತ್ತದೆ. 7 ನಿಮಿಷದಂತೆ 7 ದಿನವಾದರೆ 49 ನಿಮಿಷ ಮಾತ್ರ. ಜೊತೆಗೆ ನಡಿಗೆ ಸೇರಿಸಬೇಕು. ನಡಿಗೆ ವಿಡಿಯೋ ದಿನಕ್ಕೆ 30 ನಿಮಿಷದಂತೆ 5 ದಿನವಾದರೆ 150 ನಿಮಿಷ ಮಧ್ಯಮ ಶ್ರಮ ಪೂರ್ತಿಯಾಯಿತು.

ಮಧ್ಯಮ, ಜೋರು ಎಂದು ತಿಳಿಯಲು ಯಂತ್ರ ಬೇಡ. ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಎಂದರೆ ಮಧ್ಯಮ. ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜೋರು. ನಾಡಿ ಎಣಿಸುವವರು 220ರಿಂದ ವಯಸ್ಸು ಕಳೆಯಿರಿ. 40 ವರ್ಷದವರಿಗೆ 180. ನಿಮಿಷಕ್ಕೆ ಸುಮಾರು 115ರಿಂದ 137 ಇದ್ದರೆ ಮಧ್ಯಮ, ಅದಕ್ಕಿಂತ ಮೇಲೆ ಜೋರು. ಇದು ಅಂದಾಜು ಮಾತ್ರ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಲ್ಲಿ ನಾಡಿ ಏರುವುದೇ ಕಡಿಮೆ. ಅವರು ಮಾತಿನ ಪರೀಕ್ಷೆಯನ್ನೇ ನಂಬಬೇಕು.

ಯುನಾನಿ ಏನು ಹೇಳುತ್ತದೆ?

ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳಲ್ಲಿ, ಅಂದರೆ ಅಸ್ಬಾಬ್-ಎ-ಸಿತ್ತಾ ಜರೂರಿಯಾದಲ್ಲಿ, ದೇಹದ ಚಲನೆ ಮತ್ತು ವಿಶ್ರಾಂತಿ ಒಂದು. ಎರಡನ್ನೂ ಒಟ್ಟಿಗೇ ಎಣಿಸಿರುವುದನ್ನು ಗಮನಿಸಿ. ವಿಶ್ರಾಂತಿಯಿಲ್ಲದ ಚಲನೆ ಪಥ್ಯವಲ್ಲ. ಇಬ್ನ್ ಸೀನಾ (980–1037) ತಮ್ಮ ಅಲ್-ಕಾನೂನ್ ಗ್ರಂಥದಲ್ಲಿ ರಿಯಾಜತ್, ಅಂದರೆ ವ್ಯಾಯಾಮದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಅವರ ಅಳತೆ ಗಡಿಯಾರದ್ದಲ್ಲ, ದೇಹದ್ದು. ಚರ್ಮಕ್ಕೆ ಒಳ್ಳೆಯ ಬಣ್ಣ ಏರುತ್ತಿರುವವರೆಗೆ, ಚಲನೆ ಹಗುರವಾಗಿರುವವರೆಗೆ ಮುಂದುವರಿಸಬೇಕು. ಬಣ್ಣ ಇಳಿದು, ಕೈಕಾಲು ಭಾರವಾದರೆ ನಿಲ್ಲಿಸಬೇಕು.

ವ್ಯಾಯಾಮಕ್ಕೆ ಮೊದಲು ಮೈಯನ್ನು ಸಿದ್ಧಗೊಳಿಸುವ ತಿಕ್ಕುವಿಕೆಗೆ ದಲಕ್-ಎ-ಇಸ್ತೆದಾದ್ ಎಂದೂ, ನಂತರ ದಣಿವಾರಿಸುವ ಮೃದು ತಿಕ್ಕುವಿಕೆಗೆ ದಲಕ್-ಎ-ಇಸ್ತಿರ್ದಾದ್ ಎಂದೂ ಹೆಸರು. ಇಂದಿನ ಮಾತಿನಲ್ಲಿ ವಾರ್ಮಪ್ ಮತ್ತು ಕೂಲ್‌ಡೌನ್ ಮಾಡುವ ಕೆಲಸಕ್ಕೆ ಇದು ಹತ್ತಿರ. ವಿಡಿಯೋದ ಮೊದಲ 5 ನಿಮಿಷವನ್ನು ಓಡಿಸಿ ಮುಂದೆ ಹೋಗುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ.

ಮಿಜಾಜ್ ಕೂಡ ನೋಡುತ್ತೇವೆ. ಸ್ಥೂಲ, ನಿಧಾನ ಸ್ವಭಾವದ ಬಲ್ಗಮಿ ಮಿಜಾಜಿನವರಿಗೆ ವ್ಯಾಯಾಮ ಹೆಚ್ಚಿಸುತ್ತಾ ಹೋಗಬಹುದು. ಕೃಶ, ಉಷ್ಣ ಪ್ರಕೃತಿಯ ಸಫ್ರಾವಿಗಳಿಗೆ ಬಿಸಿಲುಗಾಲದಲ್ಲಿ ಜೋರು ವ್ಯಾಯಾಮ ಹೇಳುವುದಿಲ್ಲ. ಆದರೆ ಮಿಜಾಜ್ ನೋಡಿದ ಮಾತ್ರಕ್ಕೆ ಬಿಪಿ, ಸಕ್ಕರೆ, ಇಸಿಜಿ ಬೇಡವೆಂದಲ್ಲ. ಅದೂ ಬೇಕು, ಇದೂ ಬೇಕು.

ಯಾರು ಮೊದಲು ವೈದ್ಯರನ್ನು ಕಾಣಬೇಕು?

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ನನ್ನ ಕೆಲವು ರೋಗಿಗಳು ಹೆದರಿ ನಡಿಗೆಯನ್ನೂ ಬಿಟ್ಟರು. ತಪಾಸಣೆ ಸರಿ, ಬಿಡುವುದು ತಪ್ಪು. ಕೂತೇ ಇರುವುದು ಹೃದಯಕ್ಕೆ ಇನ್ನೂ ದೊಡ್ಡ ಅಪಾಯ.

40 ದಾಟಿ ಇದುವರೆಗೆ ವ್ಯಾಯಾಮ ಮಾಡದವರು, ತಂಬಾಕು ಗುಟ್ಕಾ ಸೇವಿಸುವವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು ಜೋರು ವ್ಯಾಯಾಮಕ್ಕೆ ಮೊದಲು ತಪಾಸಣೆ ಮಾಡಿಸಲಿ. ಬಿಪಿ 180/110ರ ಹತ್ತಿರವಿದ್ದರೆ ಮೊದಲು ಔಷಧಿ, ಆಮೇಲೆ ವಿಡಿಯೋ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರ್ ಇಳಿಯಬಹುದು. ಬೆಲ್ಲದ ತುಂಡು ಅಥವಾ ಖರ್ಜೂರ ಪಕ್ಕದಲ್ಲಿರಲಿ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾದವರಿಗೆ ಜಿಗಿತ ಬೇಡ.

ತಾಯಂದಿರಿಗೆ ವಿಶೇಷವಾಗಿ ಹೇಳಬೇಕು. ಹೆರಿಗೆಯಾಗಿ ಕನಿಷ್ಠ 12 ವಾರದವರೆಗೆ ಓಟ, ಜಿಗಿತ ಬೇಡ. ನಡಿಗೆ ಮತ್ತು ಕೆಳಹೊಟ್ಟೆಯ ತಳದ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಸಾಕು. ಸಿಸೇರಿಯನ್ ಆದವರು ವೈದ್ಯರ ಒಪ್ಪಿಗೆ ಪಡೆಯಲಿ. ಮೂತ್ರ ಸೋರುವುದು ನಾಚಿಕೆಯ ವಿಷಯವಲ್ಲ, ಚಿಕಿತ್ಸೆ ಇರುವ ದೌರ್ಬಲ್ಯ. ಆ ತಾಯಿ ಜಿಗಿತ ಬಿಟ್ಟು ಈ ವ್ಯಾಯಾಮ ಮಾಡಿದರು. ಮೂರು ತಿಂಗಳಲ್ಲಿ ಬಹಳ ಮಟ್ಟಿಗೆ ಸರಿಹೋಯಿತು.

ಇನ್ನೊಂದು ಮಾತು ರಕ್ತಹೀನತೆಯದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುವವರು ಮೊದಲು ಹಿಮೋಗ್ಲೋಬಿನ್ ನೋಡಿಸಿ.

ನೆಲ, ಬಿಸಿಲು, ಊಟ

ನಮ್ಮ ಕಡೆಯ ಮನೆಗಳ ನೆಲ ಪರಸಿ ಕಲ್ಲಿನದು. ಬರಿಗಾಲಲ್ಲಿ ಅದರ ಮೇಲೆ ಜಿಗಿದರೆ ದೇಹದ ತೂಕದ ಹಲವು ಪಟ್ಟು ಹೊಡೆತ ಹಿಮ್ಮಡಿ, ಮೊಣಕಾಲಿಗೆ ಬೀಳುತ್ತದೆ. 2020ರ ಲಾಕ್‌ಡೌನಿನಲ್ಲಿ ನಾನೂ ಇದೇ ತಪ್ಪು ಮಾಡಿ ಆರು ವಾರ ಕುರ್ಚಿಯ ಮೇಲೆ ನಮಾಜ್ ಮಾಡಬೇಕಾಯಿತು. ದಪ್ಪ ಜಮಖಾನೆ ಹಾಸಿ, ಮೆತ್ತನೆಯ ತಳದ ಬೂಟು ಹಾಕಿಕೊಳ್ಳಿ. ಉದ್ದ ಉಡುಪು ಕಾಲಿಗೆ ಸಿಕ್ಕದಂತೆ ನೋಡಿಕೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಫಜ್ರ್ ನಂತರದ ತಂಪು ಹೊತ್ತೇ ಒಳ್ಳೆಯದು. ಬಿಸಿಲಿಗೆ ಕಾದ ಮಾಳಿಗೆಯ ಕೆಳಗೆ ಸಂಜೆ ಬಾಗಿಲು ಹಾಕಿಕೊಂಡು ಮಾಡಬೇಡಿ. ಊಟವಾಗಿ ಎರಡು, ಮೂರು ಗಂಟೆ ಕಳೆದಿರಲಿ. ರಮಝಾನಿನಲ್ಲಿ ಹಗಲು ಜೋರು ವ್ಯಾಯಾಮ ಬೇಡ. ಇಫ್ತಾರ್ ಆಗಿ ಒಂದೆರಡು ಗಂಟೆಯ ನಂತರ ಹಗುರ ನಡಿಗೆ ಸಾಕು. ಹೊಸ ಕಾರ್ಯಕ್ರಮ ಆ ತಿಂಗಳಲ್ಲಿ ಶುರು ಮಾಡಬೇಡಿ.

ಕಾರ್ಯಕ್ರಮದ ಜೊತೆ ಮಾರುವ ಪ್ರೋಟೀನ್ ಪುಡಿ ಹೆಚ್ಚಿನವರಿಗೆ ಅಗತ್ಯವಿಲ್ಲ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಜೋಳದ ರೊಟ್ಟಿ, ಮಡಕಿ ಕಾಳು, ಮೊಸರು, ಒಂದು ಹಿಡಿ ಶೇಂಗಾ ನಮ್ಮ ಮನೆಯಲ್ಲೇ ಇವೆ. ಕ್ಯಾಪ್ಸೂಲಿನ ಜೆಲಾಟಿನ್ ಯಾವುದರದ್ದು ಎಂಬ ಚಿಂತೆಯೂ ಇಲ್ಲ.

ಏರುವ ಮೆಟ್ಟಿಲು

1 ಮತ್ತು 2ನೇ ವಾರ: ದಿನಕ್ಕೆ 15 ನಿಮಿಷ ನಡಿಗೆ ವಿಡಿಯೋ, ವಾರಕ್ಕೆ 5 ದಿನ. ಅದರಲ್ಲಿ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಗೋಡೆಗೆ ಕೈಕೊಟ್ಟು ಸಪಾಟು 10 ಸಲ.

3 ಮತ್ತು 4ನೇ ವಾರ: ನಡಿಗೆ 25ರಿಂದ 30 ನಿಮಿಷ. ಆ ಎರಡು ವ್ಯಾಯಾಮ ಎರಡು ಸುತ್ತು.

5ರಿಂದ 8ನೇ ವಾರ: ಮೂರು ದಿನ ಜಿಗಿತವಿಲ್ಲದ 20–25 ನಿಮಿಷದ ವಿಡಿಯೋ, ಎರಡು ದಿನ ನಡಿಗೆ.

8 ವಾರದ ನಂತರ: ಮೊಣಕಾಲು, ಸೊಂಟ ಸುಮ್ಮನಿದ್ದರೆ ವಾರಕ್ಕೆ ಎರಡು ದಿನ ಸ್ವಲ್ಪ ಜೋರು. 20 ಸೆಕೆಂಡು ಶ್ರಮ, 40 ಸೆಕೆಂಡು ವಿರಾಮ.

60 ಅಥವಾ 90 ದಿನಗಳ ಕಾರ್ಯಕ್ರಮ ಬೇಕೇ ಬೇಕೆನ್ನುವ ಯುವಕರು ಇಷ್ಟನ್ನು ಮೂರು, ನಾಲ್ಕು ತಿಂಗಳು ಮಾಡಿ ಆಮೇಲೆ ಹೋಗಲಿ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳು ಗಟ್ಟಿಯಾಗಲು ತಿಂಗಳುಗಳು ಬೇಕು. 'ಈಗ ಆಗುತ್ತದೆ' ಎಂದು ಉಸಿರು ಹೇಳುವಾಗಲೇ ಮೊಣಕಾಲು ಕೆಡುವುದು ಇದಕ್ಕೇ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಎದೆಯಲ್ಲಿ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ತಲೆಸುತ್ತು, ಲೆಕ್ಕ ತಪ್ಪಿದ ಎದೆಬಡಿತ. ಇವುಗಳಲ್ಲಿ ಯಾವುದೇ ಬಂದರೂ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ, ಅಥವಾ 108ಕ್ಕೆ ಕರೆ ಮಾಡಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಇದೆ.

ಎರಡನೆಯದು ಮೂತ್ರದ ಬಣ್ಣ. ವ್ಯಾಯಾಮದ ನಂತರ ಒಂದರಿಂದ ಮೂರು ದಿನ ಮೈಕೈ ನೋಯುವುದು ಸಹಜ. ಆದರೆ ಸ್ನಾಯು ಬಾತು, ಕೈಕಾಲು ಎತ್ತಲಾಗದೆ, ಮೂತ್ರ ಕಂದು ಅಥವಾ ಚಹಾ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆ. ಅಂಥ ಹೊತ್ತಿನಲ್ಲಿ ನೋವಿನ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೆ ಮತ್ತಷ್ಟು ಕೆಡುಕು.

ಆ ಯುವಕನ ನಿಕಾಹ್ ಗೊತ್ತಾದ ದಿನವೇ ಆಯಿತು. ಹೊಟ್ಟೆ ಸ್ವಲ್ಪ ಇತ್ತು, ಯಾರೂ ಕೇಳಲಿಲ್ಲ. ಈಗ ಅವನು ಹೆಂಡತಿಯೊಂದಿಗೆ ಬೆಳಿಗ್ಗೆ ಅರ್ಧ ಗಂಟೆ ನಡಿಗೆ ವಿಡಿಯೋ ಮಾಡುತ್ತಾನಂತೆ. ದೇಹ ನಮಗೆ ಕೊಟ್ಟ ಅಮಾನತ್. ಅದನ್ನು 60 ದಿನ ಅಲ್ಲ, ಆಯುಷ್ಯವಿಡೀ ಕಾಪಾಡಬೇಕು. ಒಂದು ವರ್ಷದ ನಂತರವೂ ಮಾಡುತ್ತಿರಬಲ್ಲೆ ಎಂದು ಅನಿಸುವ ವಿಡಿಯೋವನ್ನೇ ಆರಿಸಿ.