ಕಬುಕಿ ನಾಟಕಕಲೆ ಮತ್ತು ಅದರ ರಕ್ಷಣೆ

ಶಾಲೆಯ ವಾರ್ಷಿಕೋತ್ಸವ ಸಮೀಪಿಸಿತೆಂದರೆ ನಾಟಕದ ಅಭ್ಯಾಸಕ್ಕಾಗಿ ಬಾಲಿಕೆಯರು ತೋರುವ ಉತ್ಸಾಹವು ಎಲ್ಲರಿಗೂ ತಿಳಿದುದೇ. ಆದುದರಿಂದ ಜಪಾನ್ ದೇಶದ ಕಬುಕಿ ಎಂಬ ನಾಟಕಪದ್ಧತಿಯನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕಿಯರ ಮುಂದಿಡುವೆನು.

ಈ ಕಲೆಯನ್ನು ಮೊದಲು ಮಾಡಿದವಳು ಒಬ್ಬ ಸ್ತ್ರೀ. 1603ರಲ್ಲಿ ಕ್ಯೋಟೋ ನಗರದಲ್ಲಿ ಒಕುನಿ ಎಂಬಾಕೆಯು ತನ್ನ ಮೇಳದೊಡನೆ ಒಂದು ಹೊಸ ಬಗೆಯ ಕುಣಿತವನ್ನಾಡಿದಳು. ಆಕೆಯು ಇಜುಮೋ ದೇವಾಲಯದ ಸೇವೆಗೆ ಸೇರಿದವಳೆಂದು ಹೇಳುವರು. ಗಂಡುಡುಪನ್ನು ತೊಟ್ಟು, ಸೊಂಟಕ್ಕೆ ಕತ್ತಿಯನ್ನು ಸಿಕ್ಕಿಸಿ, ಆ ಕಾಲದ ಶೋಕಿಯ ತರುಣರನ್ನು ಆಕೆಯು ಅನುಕರಿಸಿದಾಗ ಜನರು ಮುಗಿಬಿದ್ದು ನೋಡಿದರಂತೆ. ರೂಢಿಯಿಂದ ಓರೆಯಾಗಿ ನಡೆಯುವುದು ಎಂಬ ಅರ್ಥದ ಮಾತಿನಿಂದ ಹುಟ್ಟಿದ ಕಬುಕಿ ಎಂಬ ಹೆಸರು ಆಟಕ್ಕೆ ಚೆನ್ನಾಗಿಯೇ ಒಪ್ಪಿತು. ಆದರೆ 1629ರಲ್ಲಿ ಷೋಗುನರ ಸರ್ಕಾರವು ಸಾರ್ವಜನಿಕ ನೀತಿಗೆ ಕುಂದೆಂದು ಸ್ತ್ರೀಯರು ರಂಗವನ್ನೇರುವುದನ್ನು ನಿಷೇಧಿಸಿತು. ಅಂದಿನಿಂದ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತ ಬಂದಿರುವರು. ನಮ್ಮ ಯಕ್ಷಗಾನದ ಸ್ತ್ರೀವೇಷವನ್ನು ಕಂಡವರಿಗೆ ಇದು ತೀರ ಹೊಸತೆನಿಸದು.

ಮೊದಲ ಸಲ ಕಬುಕಿಯನ್ನು ನೋಡುವವರಿಗೆ ನಟರ ಚಲನೆಯು ಅತಿಯೆನಿಸಬಹುದು. ಸಹಜವಾಗಿ ಕಾಣಬೇಕೆಂಬ ಹಟವೇ ಇಲ್ಲಿಲ್ಲ. ಮುಖದ ಮೇಲಿನ ಕೆಂಪು ಗೆರೆಗಳು ವೀರನ ಶೌರ್ಯವನ್ನೂ ನೀಲಿ ಗೆರೆಗಳು ಖಳನ ಕ್ರೌರ್ಯವನ್ನೂ ಸೂಚಿಸುವುವು. ಪ್ರೇಕ್ಷಕರ ನಡುವೆಯೇ ಹಾದುಹೋಗುವ ಹನಮಿಚಿ, ಎಂದರೆ ಪುಷ್ಪಮಾರ್ಗ, ಎಂಬ ನೀಳವಾದ ಹಾದಿಯಿಂದ ಪಾತ್ರಗಳು ಬಂದುಹೋಗುವುವು. ಕಥೆಯು ಉತ್ಕಟವಾದಾಗ ನಟನು ತಲೆಯನ್ನು ತಿರುಗಿಸಿ, ಕಣ್ಣರಳಿಸಿ, ಶಿಲೆಯಂತೆ ನಿಂತುಬಿಡುವನು. ರಂಗದ ಅಂಚಿನಲ್ಲಿ ಕುಳಿತವನೊಬ್ಬನು ಮರದ ತುಂಡುಗಳನ್ನು ಹಲಗೆಗೆ ಬಡಿದು ಆ ಕ್ಷಣಕ್ಕೆ ಬಿರುಸನ್ನು ತರುವನು. ಆಗಲೇ ಹಿಂದಿನ ಸಾಲುಗಳಿಂದ ರಸಿಕರು ನಟನ ಮನೆತನದ ಹೆಸರನ್ನು ಕೂಗಿ ಮೆಚ್ಚುವರು. ಆ ಕೂಗು ಒಂದು ಗಳಿಗೆ ಮುಂಚೆ ಬಂದರೂ ಆಭಾಸ, ತಡವಾದರೂ ಆಭಾಸ. ಹೀಗೆ ಪ್ರೇಕ್ಷಕನಿಗೂ ಇಲ್ಲಿ ಒಂದು ಕಲಿಕೆಯುಂಟು.

1840ರಲ್ಲಿ ಏಳನೆಯ ಇಚಿಕಾವಾ ದಂಜೂರೋ ಎಂಬ ನಟನು ಮೊದಲಾಡಿದ ‘ಕಂಜಿಂಚೋ’ ನಾಟಕವನ್ನು ನೋಡೋಣ. ಅಣ್ಣನ ಕೋಪಕ್ಕೆ ಗುರಿಯಾದ ಯೊಶಿತ್ಸುನೆ ಎಂಬ ವೀರನು ಕೂಲಿಯಾಳಿನ ವೇಷದಿಂದ, ಸನ್ಯಾಸಿಗಳಂತೆ ನಟಿಸುವ ಪರಿವಾರದೊಡನೆ, ಅತಾಕಾ ಎಂಬ ಕಾವಲುಕಟ್ಟೆಗೆ ಬರುವನು. ಬೌದ್ಧ ದೇವಾಲಯಕ್ಕಾಗಿ ಧನ ಕೂಡಿಸುವವರು ನೀವಾದರೆ ಅದರ ನಿರೂಪವನ್ನು ಓದಿರೆಂದು ಅಧಿಕಾರಿ ತೊಗಾಶಿಯು ಕೇಳುವನು. ಸೇವಕ ಬೆಂಕೇಯಿಯು ಒಂದಕ್ಷರವೂ ಇಲ್ಲದ ಸುರುಳಿಯನ್ನು ಬಿಚ್ಚಿ, ಆ ಕ್ಷಣದಲ್ಲಿ ಹೊಳೆದ ಗಂಭೀರವಾಕ್ಯಗಳನ್ನು ತಡವರಿಸದೆ ಓದಿಬಿಡುವನು. ಆದರೂ ಕೂಲಿಯಾಳಿನ ಮೇಲೆ ಸಂಶಯ ಬೀಳಲು, ತನ್ನ ಒಡೆಯನನ್ನೇ ಕೋಲಿನಿಂದ ಹೊಡೆಯುವನು. ತೊಗಾಶಿಗೆ ನಿಜವು ಗೊತ್ತಾಗಿದೆ. ಆದರೆ ಭೃತ್ಯನ ಎದೆಯ ಸಂಕಟವನ್ನು ಕಂಡು ಅವರನ್ನು ಹೋಗಗೊಡುವನು. ಎಲ್ಲರೂ ಹೋದ ಮೇಲೆ ಬೆಂಕೇಯಿಯೊಬ್ಬನೇ ಹನಮಿಚಿಯ ಮೇಲೆ ಭಾರವಾದ ಹೆಜ್ಜೆಗಳಿಂದ ನೆಗೆಯುತ್ತ ಒಡೆಯನನ್ನು ಹಿಂಬಾಲಿಸುವನು.

ಆ ನೆಗೆತವನ್ನು ಪುಸ್ತಕದಲ್ಲಿ ಬರೆದಿಡುವುದು ಹೇಗೆ? ಮಾತುಗಳನ್ನು ಅಚ್ಚು ಹಾಕಬಹುದು. ಪಾದದ ತೂಕವನ್ನು, ಉಸಿರಿನ ನಿಲುಗಡೆಯನ್ನು ಹಾಕಲಾಗದು. ಆ ಪಾತ್ರವನ್ನಾಡಿ ನುರಿತ ಹಿರಿಯನ ಬಳಿಗೆ ಕಿರಿಯನು ಹೋಗಿ, ಕಂಡು, ಮಾಡಿ, ತಿದ್ದಿಸಿಕೊಂಡು ಬರಬೇಕು. ಕಲೆಯೊಡನೆ ಹೆಸರೂ ಮನೆತನದಲ್ಲಿ ಇಳಿದುಬರುವುದು; ಮೊದಲನೆಯ ದಂಜೂರೋ 1704ರಲ್ಲಿ ಮಡಿದನು, ಹದಿಮೂರನೆಯವರು ಆ ಹೆಸರನ್ನು 2022ರಲ್ಲಿ ಧರಿಸಿದರು. ಈ ಸರಪಳಿಯು ಕೆಲವು ಸಲ ಕಡಿಯುವಂತಾದುದೂ ಉಂಟು. 1945ರಲ್ಲಿ ಟೋಕಿಯೋ ನಗರದ ಕಬುಕಿ-ಜಾ ರಂಗಮಂದಿರವು ಬಾಂಬಿನ ದಾಳಿಗೆ ತುತ್ತಾಯಿತು. ಯುದ್ಧಾನಂತರ ಬಂದ ವಿದೇಶೀ ಸೇನಾಡಳಿತವು ಸ್ವಾಮಿನಿಷ್ಠೆಯನ್ನೂ ಸೇಡನ್ನೂ ಹೊಗಳುವ ಅನೇಕ ನಾಟಕಗಳನ್ನು ತಡೆಯಿತು; ನಲವತ್ತೇಳು ಯೋಧರ ಕಥೆಯಾದ ‘ಚೂಶಿಂಗುರಾ’ವು 1947ರ ನವೆಂಬರಿನಲ್ಲಷ್ಟೇ ಪುನಃ ರಂಗಕ್ಕೆ ಬಂದಿತು.

ಮಕ್ಕಳಿಗೆ ಮಾತ್ರ ದಾಟಿಸಿದರೆ ಕಲೆಯು ಬಡವಾಗುವುದೆಂಬುದನ್ನು ಜಪಾನೀಯರೂ ಕಂಡುಕೊಂಡರು. 1966ರಲ್ಲಿ ತೆರೆದ ರಾಷ್ಟ್ರೀಯ ರಂಗಮಂದಿರವು 1970ರಿಂದ ನಟರ ಮನೆತನಕ್ಕೆ ಸೇರದ ತರುಣರಿಗೂ ಶಿಕ್ಷಣವನ್ನು ಕೊಡತೊಡಗಿತು. ಆ ಕಟ್ಟಡವು ಪುನರ್ನಿರ್ಮಾಣಕ್ಕಾಗಿ 2023ರ ಅಕ್ಟೋಬರಿನಲ್ಲಿ ಮುಚ್ಚಿದಾಗ ಪ್ರದರ್ಶನಗಳು ಬೇರೆ ಮಂದಿರಗಳಿಗೆ ಸಾಗಿದುವು. ಯುನೆಸ್ಕೋ ಸಂಸ್ಥೆಯು 2008ರಲ್ಲಿ ಕಬುಕಿಯನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಅದು ಗೌರವವೇ ಸರಿ; ಆದರೆ ಪಟ್ಟಿಗಿಂತ ಕೊಟೊಹಿರಾ ಎಂಬ ಊರಿನ ಕೆಲಸವೇ ನನಗೆ ಹಿರಿದಾಗಿ ತೋರುತ್ತದೆ. ಅಲ್ಲಿ 1835ರ ಹಳೆಯ ನಾಟಕಶಾಲೆಯನ್ನು ದುರಸ್ತು ಮಾಡಿ, 1985ರಿಂದ ವಸಂತಕಾಲದಲ್ಲಿ ಆಟವಾಡಿಸತೊಡಗಿದರು. ಅದರ ತಿರುಗುವ ರಂಗವನ್ನು ಯಂತ್ರವು ತಿರುಗಿಸುವುದಿಲ್ಲ. ಕೆಳಗಿನ ಕತ್ತಲಲ್ಲಿ ಆಳುಗಳು ನಿಂತು ಹೆಗಲು ಕೊಟ್ಟು ತಳ್ಳುವರು.

ವೃತ್ತಿಯ ದೊಡ್ಡ ರಂಗದಲ್ಲಿ ಇಂದಿಗೂ ಪುರುಷರದೇ ಪ್ರಾಧಾನ್ಯ. ಆದರೆ ಬೆಂಕೇಯಿಯ ಕಥೆ ನಡೆದ ಅತಾಕಾ ಕಟ್ಟೆಯ ನೆಲೆಯಿರುವ ಕೊಮಾತ್ಸು ನಗರದಲ್ಲಿ ಮೇ ತಿಂಗಳ ಉತ್ಸವಕ್ಕೆ ಅಲಂಕರಿಸಿದ ರಥಗಳನ್ನೇ ರಂಗವಾಗಿಸಿ ಮಕ್ಕಳು ಕಬುಕಿಯನ್ನಾಡುವರು. ಮುಖಕ್ಕೆ ಬಿಳಿಯ ಬಣ್ಣವನ್ನು ಬಳಿದುಕೊಂಡು, ಕೃತಕಕೇಶವನ್ನು ಧರಿಸಿ, ಹಳೆಯ ಜಪಾನೀ ಭಾಷೆಯ ಮಾತುಗಳನ್ನು ಎತ್ತರದ ಕಂಠದಿಂದ ಒಪ್ಪಿಸುವ ಆ ಮಕ್ಕಳಲ್ಲಿ ಹೆಚ್ಚಿನವರು ಪ್ರಾಥಮಿಕ ಶಾಲೆಯ ಹುಡುಗಿಯರು.